ಮುಖಪುಟಕ್ಕೆ ಯಾರು?

ಕೇಳುಗರಿಗೆ ನಮಸ್ಕಾರ.

ಪತ್ರಿಕೆಯ ಮುಖಪುಟದಲ್ಲಿ ಒಬ್ಬ ನಟಿ ನಿಂತಿರುತ್ತಾರೆ. ಫೋಟೋ ತೆಗೆದವರು ಯಾರು, ಬಟ್ಟೆ ಯಾವ ಕಂಪನಿಯದು ಅಂತ ಒಳಗೆಲ್ಲೋ ಬರೆದಿರುತ್ತದೆ. ಆದರೆ ರಾಶಿ ಬಟ್ಟೆಗಳ ನಡುವೆ ಆ ಒಂದನ್ನು ಆರಿಸಿ, ಬೆನ್ನ ಹಿಂದೆ ಕ್ಲಿಪ್ಪು ಹಾಕಿ ಮೈಗೆ ಕೂರಿಸಿ, "ಈ ಓಲೆ ಬೇಡ" ಅಂತ ತೆಗೆಸಿದವರ ಬಗ್ಗೆ ನಾವು ಯೋಚಿಸುವುದೇ ಕಡಿಮೆ. ಅವರೇ ಸ್ಟೈಲಿಸ್ಟ್. ಆ ಕೆಲಸದಿಂದ ಶುರು ಮಾಡಿ, ವೋಗ್ ಅನ್ನುವ ಫ್ಯಾಷನ್ ಪತ್ರಿಕೆಯ ಬ್ರಿಟಿಷ್ ಆವೃತ್ತಿಗೆ ಮುಖ್ಯ ಸಂಪಾದಕರಾದ ಎಡ್ವರ್ಡ್ ಎನಿನ್‌ಫುಲ್ ಬಗ್ಗೆ ಇವತ್ತು ಮಾತಾಡುತ್ತೇನೆ.

ಎನಿನ್‌ಫುಲ್ ಹುಟ್ಟಿದ್ದು 1972ರಲ್ಲಿ, ಆಫ್ರಿಕಾದ ಘಾನಾ ದೇಶದ ಬಂದರು ಊರು ಟಾಕೊರಾಡಿಯಲ್ಲಿ. ತಂದೆ ಸೈನ್ಯದ ಅಧಿಕಾರಿ. ತಾಯಿ ಗ್ರೇಸ್ ಬಟ್ಟೆ ಹೊಲಿಯುತ್ತಿದ್ದರು. ಹುಡುಗ ಅಮ್ಮನ ಬಳಿ ಕೂತು, ಕೈಗೆ ಕೈ ಸೇರಿಸಿ ಬೆಳೆದ. ಇದು ಸಣ್ಣ ವಿಷಯ ಅಂತ ನನಗೆ ಅನ್ನಿಸುವುದಿಲ್ಲ. ಅಳತೆ ತೆಗೆದು ಹೊಲಿಯುವ ಕಡೆ ದಪ್ಪಗಿರುವವರು ಬರುತ್ತಾರೆ, ಸಣ್ಣಗಿರುವವರು ಬರುತ್ತಾರೆ, ವಯಸ್ಸಾದವರು ಬರುತ್ತಾರೆ. ಎಲ್ಲರಿಗೂ ಬಟ್ಟೆ ಒಪ್ಪಬೇಕು. ದೊಡ್ಡ ಫ್ಯಾಷನ್ ಪತ್ರಿಕೆಗಳಲ್ಲಿ ಆಗ ನಡೆಯುತ್ತಿದ್ದದ್ದು ಇದಕ್ಕೆ ಉಲ್ಟಾ. ಅದಕ್ಕೆ ಆಮೇಲೆ ಬರುತ್ತೇನೆ.

ಹುಡುಗನಾಗಿದ್ದಾಗಲೇ ಕುಟುಂಬ ಲಂಡನ್ನಿಗೆ ಬಂತು. ಲ್ಯಾಡ್‌ಬ್ರೋಕ್ ಗ್ರೋವ್ ಅನ್ನುವ ಬಡಾವಣೆಯಲ್ಲಿ ವಾಸ. ಮಗ ವಕೀಲನಾಗಲಿ ಅಂತ ತಂದೆಯ ಆಸೆ. ಹದಿನಾರರ ವಯಸ್ಸಿನಲ್ಲಿ ರೈಲಿನಲ್ಲಿ ಹೋಗುತ್ತಿದ್ದಾಗ ಸೈಮನ್ ಫಾಕ್ಸ್‌ಟನ್ ಅನ್ನುವ ಸ್ಟೈಲಿಸ್ಟ್ ಈ ಹುಡುಗನನ್ನು ನೋಡಿದರು. ಮಾಡೆಲ್ ಆಗುತ್ತೀಯಾ ಅಂತ ಕೇಳಿದರು. ಆಮೇಲೆ ಅವರ ಕೈಕೆಳಗೇ ಕೆಲಸ ಕಲಿತ. ಟೆರ್ರಿ ಜೋನ್ಸ್ 1980ರಲ್ಲಿ ಶುರು ಮಾಡಿದ 'ಐ-ಡಿ' ಪತ್ರಿಕೆಗೆ ಹದಿನೆಂಟನೇ ವಯಸ್ಸಿನಲ್ಲಿ ಫ್ಯಾಷನ್ ಡೈರೆಕ್ಟರ್ ಆದ.

ಹದಿನೆಂಟು ಅಂದರೆ ನಮ್ಮಲ್ಲಿ ಪಿಯುಸಿ ಮುಗಿಸಿ ಮುಂದೇನು ಅಂತ ಯೋಚಿಸುವ ವಯಸ್ಸು, ಅಲ್ವಾ? 'ಐ-ಡಿ' ಬೇರೆ ಥರದ ಪತ್ರಿಕೆ. ಬೀದಿಯಲ್ಲಿ ಕಂಡ ಯುವಕ ಯುವತಿಯರನ್ನು ಗೋಡೆ ಮುಂದೆ ನಿಲ್ಲಿಸಿ, ಅವರು ಹಾಕಿದ್ದ ಬಟ್ಟೆಯಲ್ಲೇ ತಲೆಯಿಂದ ಕಾಲಿನವರೆಗೆ ಫೋಟೋ ತೆಗೆದು ಅಚ್ಚು ಹಾಕುತ್ತಿತ್ತು. ಎನಿನ್‌ಫುಲ್ ಅವರ ಕಣ್ಣು ಪಳಗಿದ್ದು ಅಲ್ಲಿ.

1990ರ ದಶಕದ ಕೊನೆಯಿಂದ ಇಟಲಿಯ ವೋಗ್, ಮುಂದೆ ಅಮೆರಿಕದ ವೋಗ್, 2011ರಿಂದ 'ಡಬ್ಲ್ಯು' ಪತ್ರಿಕೆ. ಇದರಲ್ಲಿ ಒಂದು ಸಂಚಿಕೆಯ ಬಗ್ಗೆ ಹೇಳಲೇಬೇಕು. 2008ರ ಜುಲೈ. ಇಟಲಿಯ ವೋಗ್ ಸಂಪಾದಕಿ ಫ್ರಾಂಕಾ ಸೊಜಾನಿ ಮತ್ತು ಛಾಯಾಗ್ರಾಹಕ ಸ್ಟೀವನ್ ಮೈಸೆಲ್ ಕಪ್ಪು ಮಾಡೆಲ್‌ಗಳದ್ದೇ ಒಂದು ಸಂಚಿಕೆ ತಂದರು. ಅದರಲ್ಲಿ ಎನಿನ್‌ಫುಲ್ ಕೂಡ ಕೆಲಸ ಮಾಡಿದರು. ಕಪ್ಪು ಮುಖ ಹಾಕಿದರೆ ಪತ್ರಿಕೆ ಮಾರಾಟ ಆಗಲ್ಲ ಅನ್ನುವ ಮಾತು ಆಗ ಈ ಉದ್ಯಮದಲ್ಲಿ ಓಡಾಡುತ್ತಿತ್ತು. ಪ್ರತಿಗಳು ಅಂಗಡಿಯಲ್ಲಿ ಉಳಿಯಲಿಲ್ಲ. ಮತ್ತೆ ಅಚ್ಚು ಹಾಕಬೇಕಾಯಿತು. ಆ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಈಗ ಆ ಅಳತೆಯ ವಿಷಯ. ಫೋಟೋ ತೆಗೆಯಲು ಸ್ಟೈಲಿಸ್ಟ್ ಬಟ್ಟೆ ಕೊಳ್ಳುವುದಿಲ್ಲ, ಫ್ಯಾಷನ್ ಕಂಪನಿಗಳಿಂದ ಎರವಲು ತರುತ್ತಾರೆ. ಅವು ಅಂಗಡಿಗೆ ಬರುವ ಮೊದಲು ಮಾದರಿಗೆ ಅಂತ ಹೊಲಿದ ಸ್ಯಾಂಪಲ್‌ಗಳು. ಸಾಮಾನ್ಯವಾಗಿ ಒಂದೇ ಅಳತೆ, ಅದೂ ತೀರಾ ಚಿಕ್ಕದು. ಆ ಬಟ್ಟೆಗೆ ಸರಿಹೋಗುವ ಹುಡುಗಿಯರನ್ನೇ ಕರೆಯುತ್ತಾರೆ. ಅವರನ್ನೇ ನೋಡಿ ನೋಡಿ ಇದೇ ಚೆಲುವು ಅಂತ ನಾವು ಒಪ್ಪಿಕೊಂಡುಬಿಡುತ್ತೇವೆ. ಎಷ್ಟೋ ಹೆಣ್ಣುಮಕ್ಕಳು ಕನ್ನಡಿ ಮುಂದೆ ಬೇಜಾರಾಗಿ ನಿಲ್ಲುವುದರ ಹಿಂದೆ ಈ ಸ್ಯಾಂಪಲ್ ಅಳತೆಯ ಕೈವಾಡವೂ ಇದೆ. ಇದನ್ನು ಬದಲಿಸಬೇಕಾದರೆ ಬೇರೆ ಅಳತೆಯಲ್ಲಿ ಹೊಲಿದು ಕೊಡಿ ಅಂತ ಕಂಪನಿಗಳಿಗೆ ಹೇಳುವ ತಾಕತ್ತು ಬೇಕು. ಆ ತಾಕತ್ತು ಸಂಪಾದಕರ ಕುರ್ಚಿಗೆ ಇದೆ.

2017ರಲ್ಲಿ ಎನಿನ್‌ಫುಲ್ ಆ ಕುರ್ಚಿಯಲ್ಲಿ ಕೂತರು. ಬ್ರಿಟಿಷ್ ವೋಗ್ ಶುರುವಾದದ್ದು 1916ರಲ್ಲಿ. ನೂರು ವರ್ಷ ದಾಟಿದ ಮೇಲೆ ಮೊದಲ ಬಾರಿ ಒಬ್ಬ ಕಪ್ಪು ಸಂಪಾದಕರು. ಅವರ ಮೊದಲ ಸಂಚಿಕೆ ಆ ವರ್ಷದ ಡಿಸೆಂಬರ್‌ನದು. ಮುಖಪುಟದಲ್ಲಿ ಮಾಡೆಲ್ ಅಡ್ವೋವಾ ಅಬೋವಾ. ಬ್ರಿಟನ್ನಿನವರೇ, ತಂದೆಯ ಕಡೆಯಿಂದ ಘಾನಾ ಮೂಲ. 2018ರ ಮೇ ಸಂಚಿಕೆಯ ಮುಖಪುಟದಲ್ಲಿ ಒಂಬತ್ತು ಮಾಡೆಲ್‌ಗಳು. ಹಿಜಾಬ್ ಧರಿಸಿದ ಹಲೀಮಾ ಅಡೆನ್, ಮೈತುಂಬಿಕೊಂಡಿರುವ ಪಲೋಮಾ ಎಲ್ಸೆಸರ್, ಅವರ ಜೊತೆ ನಮ್ಮ ಭಾರತದ ರಾಧಿಕಾ ನಾಯರ್. 2020ರಲ್ಲಿ 85 ವರ್ಷದ ನಟಿ ಜೂಡಿ ಡೆಂಚ್ ಮುಖಪುಟಕ್ಕೆ ಬಂದರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 2020ರ ಜುಲೈ ಸಂಚಿಕೆ. ಕೊರೊನಾ ಕಾಲ, ಲಂಡನ್ ಬಾಗಿಲು ಹಾಕಿತ್ತು. ಮೂರು ಮುಖಪುಟಗಳು ಬಂದವು. ಒಂದರಲ್ಲಿ ರೈಲು ಓಡಿಸುವ ಮಹಿಳೆ, ಒಂದರಲ್ಲಿ ಹೆರಿಗೆ ಮಾಡಿಸುವ ಸೂಲಗಿತ್ತಿ ನರ್ಸ್, ಇನ್ನೊಂದರಲ್ಲಿ ಸೂಪರ್ ಮಾರ್ಕೆಟ್ಟಿನ ಕೆಲಸಗಾರ್ತಿ. ಮೂವರೂ ತಮ್ಮ ಕೆಲಸದ ಬಟ್ಟೆಯಲ್ಲೇ ನಿಂತಿದ್ದರು. ಜೀವನವಿಡೀ ಬೇರೆಯವರಿಗೆ ಉಡುಪು ಆರಿಸಿದ ಮನುಷ್ಯ ಆ ಮುಖಪುಟಗಳಿಗೆ ಯಾರ ಮೈಮೇಲಿನ ಬಟ್ಟೆಯನ್ನೂ ಬದಲಿಸಲಿಲ್ಲ. ಅದು ಪಳಗಿದ ಸ್ಟೈಲಿಸ್ಟ್ ಮಾಡುವ ಆಯ್ಕೆ.

ಅದೇ ಜುಲೈನಲ್ಲಿ ಇನ್ನೊಂದು ಘಟನೆ. ಎನಿನ್‌ಫುಲ್ ತಮ್ಮ ಕಚೇರಿಗೇ ಹೋಗುತ್ತಿದ್ದಾಗ ಕಾವಲಿನವರೊಬ್ಬರು ತಡೆದು, ಸಾಮಾನು ಇಳಿಸುವ ಬಾಗಿಲಿನಿಂದ ಹೋಗು ಅಂದರು. ಪತ್ರಿಕೆಯ ಸಂಪಾದಕರಿಗೆ! ಅದನ್ನು ಅವರು ಎಲ್ಲರಿಗೂ ತಿಳಿಯುವಂತೆ ಹೇಳಿಕೊಂಡರು. ಓದುವಾಗ ನನಗೆ ಸಿಟ್ಟು ಬಂದಿತ್ತು, ಈಗಲೂ ಬರುತ್ತದೆ.

2023ರ ಮೇ ಸಂಚಿಕೆಯಲ್ಲಿ ಅಂಗವೈಕಲ್ಯ ಇರುವ ಐವರು ಬೇರೆ ಬೇರೆ ಮುಖಪುಟಗಳಲ್ಲಿ ಬಂದರು. ನಟಿ ಸೆಲ್ಮಾ ಬ್ಲೇರ್ ಕೈಯಲ್ಲಿ ಊರುಗೋಲು ಹಿಡಿದೇ ನಿಂತರು. ಆ ಸಂಚಿಕೆ ಬ್ರೈಲ್ ಲಿಪಿಯಲ್ಲೂ ಬಂತು. ಕಣ್ಣು ಕಾಣದವರಿಗೂ ಫ್ಯಾಷನ್ ಪತ್ರಿಕೆ ಓದುವ ಆಸೆ ಇರುತ್ತದೆ ಅನ್ನುವುದು ಎಷ್ಟು ಜನರಿಗೆ ಹೊಳೆದಿತ್ತು?

ಇಷ್ಟಾದರೂ ಆ ಪತ್ರಿಕೆಯ ಒಳಪುಟಗಳಲ್ಲಿರುವ ಒಂದು ಕೈಚೀಲದ ಬೆಲೆಗೆ ನರ್ಸ್ ಒಬ್ಬರ ತಿಂಗಳ ಸಂಬಳ ಸಾಲದೆ ಹೋಗಬಹುದು. ಜಾಹೀರಾತು ಇಲ್ಲದೆ ಈ ಪತ್ರಿಕೆಗಳು ನಡೆಯುವುದಿಲ್ಲ. ಎನಿನ್‌ಫುಲ್ ಅದನ್ನು ಬದಲಿಸಲಿಲ್ಲ. ಬದಲಿಸಲು ಅವರ ಕೈಯಲ್ಲಿ ಇದ್ದದ್ದು, ಯಾರನ್ನು ನೋಡುತ್ತೇವೆ ಅನ್ನುವುದು. ಅದನ್ನು ಬದಲಿಸಿದರು.

2024ರ ಮಾರ್ಚ್ ಸಂಚಿಕೆ ಅವರ ಕೊನೆಯದು. ಅದರ ಮುಖಪುಟದಲ್ಲಿ 40 ಮಹಿಳೆಯರು ಒಟ್ಟಿಗೆ ನಿಂತರು. 2025ರಲ್ಲಿ ಸಹೋದರಿ ಅಕುವಾ ಜೊತೆ ಸೇರಿ 'ಇಇ72' ಅನ್ನುವ ಸ್ವಂತ ಕಂಪನಿ ಶುರು ಮಾಡಿದ್ದಾರೆ. ಅದರಿಂದ ಬರುವ ಹೊಸ ಪತ್ರಿಕೆಯ ಹೆಸರು '72'. ಅದರಲ್ಲಿ ಅವರು ಮುಂದೆ ಇನ್ನೂ ಯಾರ ಯಾರ ಮುಖ ತೋರಿಸುತ್ತಾರೆ ಅಂತ ನಾನು ಕಾಯುತ್ತಿದ್ದೇನೆ.

ನಮಸ್ಕಾರ.