ಮೊದಲು ತೂಬು, ಆಮೇಲೆ ಟೈಲ್ಸ್

ಕೇಳುಗರೆಲ್ಲರಿಗೂ ನಮಸ್ಕಾರ.

ಹಳೇ ಮನೆಯ ಬಚ್ಚಲನ್ನು ನಾವೇ ರಿಪೇರಿ ಮಾಡಿಕೊಳ್ಳೋಣ ಅಂತ ಹೊರಟವರು ಮೊದಲು ಹೋಗುವುದು ಟೈಲ್ಸ್ ಅಂಗಡಿಗೆ. ಅಲ್ಲಿ ಬಣ್ಣ ಬಣ್ಣದ ಟೈಲ್ಸ್ ಸಾಲಾಗಿ ನಿಲ್ಲಿಸಿರುತ್ತಾರೆ. ನೋಡ್ತಾ ನೋಡ್ತಾ ಮನಸ್ಸು ಕರಗುತ್ತದೆ, ಮುಂಗಡ ಕೊಟ್ಟೇ ವಾಪಸ್ ಬರುತ್ತೇವೆ. ನಾನು ಹೇಳುವುದು ಇಷ್ಟು: ಆ ಅಂಗಡಿಗೆ ಕೊನೆಗೆ ಹೋಗಿ. ಮೊದಲು ನಿಮ್ಮ ಬಚ್ಚಲ ನೀರು ಎಲ್ಲಿಂದ ಆಚೆ ಹೋಗುತ್ತಿದೆ ಅಂತ ಹುಡುಕಿ. ಮನೆ ಹಿಂದೆ ಹೋಗಿ, ಗಿಡ ಸರಿಸಿ, ಬಗ್ಗಿ ನೋಡಿ. ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ.

ನಮ್ಮದು ತೀರ್ಥಹಳ್ಳಿ ಕಡೆಯ ಹಳೇ ಹೆಂಚಿನ ಮನೆ. ಬುಡದಲ್ಲಿ ಜಂಬಿಟ್ಟಿಗೆ ಕಲ್ಲು, ಅದರ ಮೇಲೆ ಮಣ್ಣಿನ ಗೋಡೆ. ಹಿಂಭಾಗದಲ್ಲಿ ಹಂಡೆ ಒಲೆಯ ಬಚ್ಚಲುಮನೆ. ಅದರ ಪಕ್ಕಕ್ಕೆ ಎಷ್ಟೋ ವರ್ಷಗಳ ಮೇಲೆ ಯಾರೋ ಸೇರಿಸಿದ ಒಂದು ಕಕ್ಕಸು. ಎರಡನ್ನೂ ಸರಿ ಮಾಡಬೇಕಿತ್ತು. ಇಂಥ ಸಣ್ಣ ಕೆಲಸಕ್ಕೆ ಗಾರೆಯವರು ಬರುವುದು ಕಷ್ಟ. ಬಂದರೂ ಎರಡು ದಿನ ಕುಟ್ಟಿ, ನೆಲ ಅಗೆದಿಟ್ಟು, ದೊಡ್ಡ ಕೆಲಸ ಸಿಕ್ಕಿದ ಕಡೆ ಹೊರಟುಬಿಡುತ್ತಾರೆ. ಅವರ ತಪ್ಪೂ ಅಲ್ಲ, ಹೊಟ್ಟೆಪಾಡು. ಹಾಗಾಗಿ ಬೇಸಿಗೆ ರಜೆಯಲ್ಲಿ ಅಣ್ಣ, ಅತ್ತಿಗೆ, ನಾನು, ಕಾಲೇಜಿನಲ್ಲಿ ಓದುವ ಅಣ್ಣನ ಮಕ್ಕಳು ಸೇರಿ ಕೈ ಹಾಕಿದೆವು. ಮಲೆನಾಡಿನಲ್ಲಿ ಈ ಕೆಲಸಕ್ಕೆ ಬೇಸಿಗೆಯೇ ಆಗಬೇಕು. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಗಾರೆ ಒಣಗುವುದೇ ಇಲ್ಲ. ಆದರೆ ಏಪ್ರಿಲ್ ಹೊತ್ತಿಗೆ ಬಾವಿ ತಳ ಕಂಡಿರುತ್ತದೆ, ಸಿಮೆಂಟಿಗೆ ದಿನಾ ನೀರು ಹಾಕಬೇಕಲ್ಲ, ಅದನ್ನೂ ಯೋಚಿಸಿಕೊಳ್ಳಿ. ಇನ್ನೊಂದು, ಎರಡನ್ನೂ ಒಟ್ಟಿಗೆ ಒಡೆಯಬೇಡಿ. ಒಂದು ಮುಗಿದು ಬಳಕೆಗೆ ಬಂದ ಮೇಲೆ ಇನ್ನೊಂದು. ಮನೆಯಲ್ಲಿ ವಯಸ್ಸಾದವರಿದ್ದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ತೂಬಿನ ವಿಷಯ. ಹಳೇ ಬಚ್ಚಲಿನ ನೀರು ಗೋಡೆಯ ತೂತಿನಿಂದ ಹೊರಬಿದ್ದು ಬಾಳೆ ಬುಡಕ್ಕೋ ಕೆಸುವಿನ ಗಿಡಕ್ಕೋ ಹೋಗುತ್ತಿತ್ತು. ಒಳ್ಳೆಯ ಪದ್ಧತಿ ಅದು, ಬಿಡಬೇಡಿ. ತುಂಬಾ ಜನ ಈಗ ಸ್ನಾನದ ನೀರನ್ನೂ ಕಕ್ಕಸಿನ ಪೈಪಿಗೇ ಸೇರಿಸಿ ಸೆಪ್ಟಿಕ್ ಟ್ಯಾಂಕಿಗೆ ಬಿಡುತ್ತಾರೆ. ಟ್ಯಾಂಕಿನಲ್ಲಿ ಕೊಳೆ ತಳಕ್ಕೆ ಕೂತು ಕರಗಲು ಸಮಯ ಬೇಕು. ಬಕೆಟ್‌ಗಟ್ಟಲೆ ಸೋಪಿನ ನೀರು ನುಗ್ಗಿದರೆ ಕೊಳೆ ಕೂರುವ ಮೊದಲೇ ಆಚೆ ತಳ್ಳಿಕೊಂಡು ಹೋಗುತ್ತದೆ. ಆಮೇಲೆ ಇಂಗುಗುಂಡಿ ಕಟ್ಟಿಕೊಳ್ಳುತ್ತದೆ. ಜಾಗ ಇರುವವರು ಸ್ನಾನದ ನೀರಿಗೇ ಒಂದು ಪೈಪು, ಕಕ್ಕಸಿಗೇ ಒಂದು ಪೈಪು ಬೇರೆ ಬೇರೆ ಇಡಿ.

ಹೊರಗೆ ಹೋಗುವ ಪೈಪು ಕಕ್ಕಸಿಗೆ 4 ಇಂಚಿನದು. ಹತ್ತು ಅಡಿ ದೂರಕ್ಕೆ ಎರಡರಿಂದ ಮೂರು ಇಂಚು ಇಳಿಜಾರು ಸಾಕು. ತಿರುವಿನಲ್ಲಿ ನೇರ ಮೂಲೆಯ ಬೆಂಡ್ ಒಂದನ್ನೇ ಹಾಕುವ ಬದಲು ಅರ್ಧ ತಿರುವಿನ ಎರಡು ಹಾಕಿ. ತಿರುವಿನ ಹತ್ತಿರ ಡೋರ್ ಬೆಂಡ್ ಇರಲಿ, ಅಂದರೆ ಮುಚ್ಚಳ ಬಿಚ್ಚಿ ಒಳಗೆ ಕಡ್ಡಿ ತೂರಿಸಲು ಬರುವಂಥದ್ದು. ಕಟ್ಟಿಕೊಂಡ ದಿನ ಅದರ ಬೆಲೆ ಗೊತ್ತಾಗುತ್ತದೆ.

ಒಳಗೆ ನೆಲಕ್ಕೆ ವಾಟ ಕೊಡುವುದು ಇನ್ನೂ ನಾಜೂಕಿನ ಕೆಲಸ. ಐದು ಅಡಿ ನೆಲಕ್ಕೆ ಮುಕ್ಕಾಲು ಇಂಚು ಇಳಿದರೆ ಸರಿ. ಕಡಿಮೆಯಾದರೆ ಮೂಲೆಯಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ. ಜಾಸ್ತಿಯಾದರೆ ಸೋಪು ಹಚ್ಚಿಕೊಂಡ ಕಾಲು ನಿಲ್ಲುವುದಿಲ್ಲ. ನಾವು ರಸಮಟ್ಟ ಇಟ್ಟು ನೋಡಿದೆವು, ದಾರ ಕಟ್ಟಿ ನೋಡಿದೆವು. ಕೊನೆಗೆ ನಂಬಿದ್ದು ಚೊಂಬು ನೀರನ್ನು. ಸಿಮೆಂಟು ಗಟ್ಟಿಯಾದ ಮೇಲೆ, ಟೈಲ್ಸ್ ಕೂರಿಸುವ ಮುಂಚೆ, ಬಾಗಿಲ ಹತ್ತಿರ, ಒಲೆಯ ಹತ್ತಿರ, ನಾಲ್ಕೂ ಮೂಲೆಯಲ್ಲಿ ಒಂದೊಂದು ಚೊಂಬು ಸುರಿದೆವು. ಮೂರು ಕಡೆಯ ನೀರು ಸುಮ್ನೆ ಜಾರಿ ತೂಬಿಗೆ ಹೋಯಿತು. ಒಲೆಯ ಮೂಲೆಯಲ್ಲಿ ಮಾತ್ರ ಅಂಗೈಯಗಲ ನಿಂತುಕೊಂಡಿತು. ಅತ್ತಿಗೆ ಸೀಮೆಸುಣ್ಣದಲ್ಲಿ ಅದರ ಸುತ್ತ ಗೆರೆ ಎಳೆದರು. ಅಷ್ಟು ಜಾಗಕ್ಕೆ ತೆಳುವಾಗಿ ಸಿಮೆಂಟು ಬಳಿದು ಮತ್ತೆ ನೀರು ಸುರಿದಾಗ ಅದೂ ಹೋಯಿತು. ಟೈಲ್ಸ್ ಕೂತ ಮೇಲೆ ಇದು ಕಂಡಿದ್ದರೆ ಏನೂ ಮಾಡಲು ಆಗುತ್ತಿರಲಿಲ್ಲ.

ತೂಬಿನ ಬಾಯಿಗೆ ನಹಾನಿ ಟ್ರ್ಯಾಪ್ ಹಾಕಿ. ಅದರೊಳಗೆ ಎರಡು ಇಂಚು ನೀರು ಯಾವಾಗಲೂ ನಿಂತಿರುತ್ತದೆ. ಪೈಪಿನ ವಾಸನೆಯನ್ನೂ ಜಿರಲೆಯನ್ನೂ ತಡೆಯುವುದು ಆ ನೀರು. ಊರಿನ ಮನೆಗೆ ಎರಡು ತಿಂಗಳಿಗೊಮ್ಮೆ ಹೋಗುವವರು ಬಾಗಿಲು ತೆಗೆದಾಗ ಬಚ್ಚಲು ನಾರುತ್ತದೆ ಅಂತಾರಲ್ಲ, ಆ ನೀರು ಆರಿಹೋಗಿರುತ್ತದೆ ಅಷ್ಟೇ. ಒಂದು ಚೊಂಬು ನೀರು ಹಾಕಿ, ಸ್ವಲ್ಪ ಹೊತ್ತಿಗೆ ವಾಸನೆ ಹೋಗುತ್ತದೆ. ಫಿನಾಯಿಲ್ ಬೇಡ.

ಇನ್ನು ಗೋಡೆ. ಹಳೇ ಮನೆಗೂ ಹೊಸ ಮನೆಗೂ ನಿಜವಾದ ವ್ಯತ್ಯಾಸ ಇರುವುದು ಇಲ್ಲಿ. ಮಣ್ಣಿನ ಗೋಡೆಗೆ ನೆಲದಿಂದ ತೇವ ಏರುತ್ತಲೇ ಇರುತ್ತದೆ. ಸುಣ್ಣದ ಗಾರೆ ಇದ್ದಾಗ ಆ ತೇವ ನಿಧಾನಕ್ಕೆ ಆಚೆ ಬಂದು ಆರುತ್ತಿತ್ತು. ಅದರ ಮೇಲೆ ಸಿಮೆಂಟು ಮೆತ್ತಿ ಟೈಲ್ಸ್ ಅಂಟಿಸಿದರೆ ಗೋಡೆಗೆ ರೈನ್‌ಕೋಟ್ ತೊಡಿಸಿದ ಹಾಗೆ, ಬೆವರು ಒಳಗೇ ಉಳಿಯುತ್ತದೆ. ಎರಡು ಮೂರು ಮಳೆಗಾಲಕ್ಕೆ ಹಿಂದಿನ ಮಣ್ಣು ಸಡಿಲವಾಗಿ, ಟೈಲ್ಸು ಸಿಮೆಂಟು ಎಲ್ಲ ಹಲಗೆಯ ಥರ ಕಳಚಿಕೊಂಡು ಬರುತ್ತದೆ. ಅಂಥ ಗೋಡೆಯನ್ನು ಕೊರೆದು ಪೈಪು ಹುದುಗಿಸುವುದಂತೂ ಬೇಡವೇ ಬೇಡ. ಯಂತ್ರ ಇಟ್ಟರೆ ಒಂದು ಇಂಚು ಕೊರೆಯಲು ಹೋಗಿ ಒಂದು ಹೆಡಿಗೆ ಮಣ್ಣು ಬೀಳುತ್ತದೆ. ಮೇಲೆ ಹೆಂಚಿನ ಮಾಡು ಕೂತಿರುವುದು ಅದೇ ಗೋಡೆಯ ಮೇಲೆ, ಅಲ್ವಾ?

ನಾವು ಮಾಡಿದ್ದು ಹೀಗೆ. ಹಳೇ ಗೋಡೆಯನ್ನು ಮುಟ್ಟದೆ, ಅದರಿಂದ ಸ್ವಲ್ಪ ಸಂದು ಬಿಟ್ಟು, ಒಳಗಡೆ 4 ಇಂಚಿನ ಇಟ್ಟಿಗೆ ಗೋಡೆ ಏರಿಸಿದೆವು. ಅದಕ್ಕೆ ಅದರದ್ದೇ ಸಣ್ಣ ಪಾಯ. ಎತ್ತರ ಬಾಗಿಲ ಮಟ್ಟಕ್ಕೆ, ಅದಕ್ಕಿಂತ ಮೇಲೆ ಹಳೇ ಗೋಡೆ ಹಾಗೇ ತೆರೆದಿದೆ, ಸುಣ್ಣ ಬಳಿದಿದ್ದೇವೆ. ಪೈಪುಗಳೆಲ್ಲ ಹೊಸ ಗೋಡೆಯಲ್ಲಿ. ಜಾಗ ಆರೇಳು ಇಂಚು ಕಮ್ಮಿಯಾಯಿತು, ನಿಜ. ಹಳೇ ಕಾಲದ ಬಚ್ಚಲುಮನೆ ವಿಶಾಲವಾಗಿತ್ತು, ನಡೆದುಹೋಯಿತು. ಗೋಡೆ ಕಟ್ಟುವ ಈ ಕೆಲಸಕ್ಕೆ ಮಾತ್ರ ಊರಿನ ಮೇಸ್ತ್ರಿಯೊಬ್ಬರನ್ನು ಕರೆಸಿದೆವು. ತೂಕದ ಗುಂಡು ಹಿಡಿದು ನೆಟ್ಟಗೆ ಗೋಡೆ ಏರಿಸುವುದು ಮೊಬೈಲ್‌ನಲ್ಲಿ ವಿಡಿಯೋ ನೋಡಿ ಬರುವ ವಿದ್ಯೆ ಅಲ್ಲ. ಮಾಡಿಗೆ ಎರಡು ಗಾಜಿನ ಹೆಂಚು ಹಾಕಿಸಿದ್ದರಿಂದ ಹಗಲಲ್ಲಿ ಲೈಟೇ ಬೇಡ.

ಹಳೇ ಪೈಪುಗಳನ್ನು ಉಳಿಸಿಕೊಳ್ಳುವ ಆಸೆ ಬಿಡಿ. ನಮ್ಮದು ಜಿ.ಐ. ಪೈಪು, ಅಂದರೆ ಸತುವಿನ ಲೇಪದ ಕಬ್ಬಿಣದ್ದು, ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಅಣ್ಣ ಅದನ್ನು ಗರಗಸದಲ್ಲಿ ಕತ್ತರಿಸಿ ತುಂಡನ್ನು ನನ್ನ ಕೈಗೆ ಕೊಟ್ಟ. ಅರ್ಧ ಇಂಚಿನ ಪೈಪು, ಒಳಗೆ ತುಕ್ಕು ಗಂಟುಗಂಟಾಗಿ ಬೆಳೆದು ನಡುವೆ ಪೆನ್ಸಿಲ್ ಕೂಡ ತೂರುತ್ತಿರಲಿಲ್ಲ. ಬೆರಳಿಟ್ಟರೆ ಕೆಂಪು ಪುಡಿ. ನೀರು ಸಣ್ಣಗೆ ಬರುತ್ತದೆ ಅಂತ ಅಷ್ಟು ವರ್ಷ ಎಲ್ಲರೂ ಟ್ಯಾಂಕನ್ನು ಬೈಯುತ್ತಿದ್ದರು.

ಬಿಸಿನೀರಿಗೆ ಸಿ.ಪಿ.ವಿ.ಸಿ. ಅನ್ನುವ, ಬಿಸಿ ತಡೆಯುವ ಪ್ಲಾಸ್ಟಿಕ್ ಪೈಪೇ ಬೇಕು. ಮಾಮೂಲಿ ಪಿ.ವಿ.ಸಿ. ಬಿಸಿಗೆ ಮೆತ್ತಗಾಗುತ್ತದೆ. ಎರಡಕ್ಕೂ ಅಂಟು ಬೇರೆ ಬೇರೆ, ಡಬ್ಬದ ಮೇಲೆ ಓದಿ ತನ್ನಿ. ಕೂಡಿಸುವ ಕೆಲಸ ಕಷ್ಟವಲ್ಲ, ಮಕ್ಕಳೇ ಮಾಡಿದರು. ನೇರವಾಗಿ ಕತ್ತರಿಸಬೇಕು, ಕತ್ತರಿಸಿದ ಪುಡಿ ಒರೆಸಬೇಕು, ಎರಡೂ ಕಡೆ ಅಂಟು ಹಚ್ಚಿ ಒತ್ತಿ, ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಹಿಡಿದುಕೊಳ್ಳಬೇಕು. ನಲ್ಲಿ ಕೂರುವ ಕಡೆ ಒಳಗೆ ಹಿತ್ತಾಳೆಯ ತಿರುಪು ಇರುವ ಎಲ್ಬೋ ಹಾಕಿ. ಒಂದು ದಿನ ಬಿಟ್ಟು, ಬಾಯಿಗಳಿಗೆ ಪ್ಲಗ್ ಕೊಟ್ಟು, ಬಾಡಿಗೆಗೆ ಸಿಗುವ ಕೈಪಂಪಿನಿಂದ ಒತ್ತಡ ಏರಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪಂಪಿನ ಮೀಟರಿನ ಮುಳ್ಳು ಇದ್ದಲ್ಲೇ ಇದ್ದರೆ ಗೋಡೆ ಮುಚ್ಚಿ. ಅಂದಹಾಗೆ, ಟ್ಯಾಂಕ್ ಎತ್ತರದಲ್ಲಿ ಇಲ್ಲದ ಹೆಂಚಿನ ಮನೆಯವರು ಅಗಲವಾದ ದೊಡ್ಡ ಶವರ್ ಕೊಳ್ಳಬೇಡಿ. ಹತ್ತು ಮೀಟರ್ ಎತ್ತರದ ನೀರಿಗೆ ಸಿಗುವುದೇ ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ. ಶವರಿಗಿಂತ ಮೂರು ಅಡಿ ಮೇಲಿರುವ ಟ್ಯಾಂಕಿನಿಂದ ಏನು ಸುರಿದೀತು? ಬಕೆಟ್ಟೇ ವಾಸಿ.

ಟೈಲ್ಸ್‌ಗೂ ಮುಂಚೆ ನೀರು ತಡೆಯುವ ಲೇಪ. ಪುಡಿ ಮತ್ತು ಹಾಲಿನಂಥ ದ್ರವ ಕಲಸಿ ಬ್ರಷ್‌ನಲ್ಲಿ ಬಳಿಯುವಂಥದ್ದು, ಮಾಡಲು ಸುಲಭ. ಎರಡು ಸಲ ಬಳಿಯಿರಿ, ಎರಡನೆಯದು ಅಡ್ಡಲಾಗಿ. ನೆಲದ ಜೊತೆ ಗೋಡೆಗೂ ಒಂದು ಅಡಿ ಏರಲಿ, ಸ್ನಾನ ಮಾಡುವ ಕಡೆ ಆಳೆತ್ತರ. ಗೋಡೆ ನೆಲ ಸೇರುವ ಮೂಲೆಗೆ ಬಲೆ ಪಟ್ಟಿ ಇಟ್ಟು ಬಳಿಯಿರಿ, ಬಿರುಕು ಬಿಡುವುದೇ ಅಲ್ಲಿ. ಒಣಗಿದ ಮೇಲೆ ತೂಬು ಮುಚ್ಚಿ, ಎರಡು ಇಂಚು ನೀರು ಕಟ್ಟಿ, ಗೋಡೆಗೆ ಪೆನ್ಸಿಲ್ ಗೆರೆ ಹಾಕಿ ಎರಡು ದಿನ ಬಿಡಿ. ಬಿಸಿಲಿಗೆ ಕೂದಲೆಳೆಯಷ್ಟು ಇಳಿಯಬಹುದು. ಬೆರಳಗಲ ಇಳಿದರೆ ಎಲ್ಲೋ ತೂತಿದೆ ಅಂತ ಅರ್ಥ.

ಟೈಲ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೆಲಕ್ಕೆ ಹೊಳಪಿನದು ಬೇಡ, ಒರಟು ಮೈಯದ್ದು ತನ್ನಿ. ವಿಟ್ರಿಫೈಡ್ ಟೈಲ್ಸ್ ಹೆಚ್ಚುಕಡಿಮೆ ನೀರನ್ನೇ ಹೀರುವುದಿಲ್ಲ, ಹಾಗಾಗಿ ಬರೀ ಸಿಮೆಂಟಿಗೆ ಸರಿಯಾಗಿ ಕಚ್ಚುವುದಿಲ್ಲ, ಟೈಲ್ಸ್ ಅಂಟೇ ಬೇಕು. ಕೂತ ಮೇಲೆ ಒಂದೊಂದನ್ನೂ ನಾಣ್ಯದಲ್ಲಿ ತಟ್ಟಿ ನೋಡಿ. ಪೊಳ್ಳು ಸದ್ದು ಬಂದದ್ದನ್ನು ಮುಲಾಜು ನೋಡದೆ ಅವತ್ತೇ ಕಿತ್ತು ಮತ್ತೆ ಕೂರಿಸಿ.

ಕಕ್ಕಸಿನ ವಿಷಯಕ್ಕೆ ಮನೆಯಲ್ಲಿ ಜಗಳವೇ ಆಯಿತು. ಅಮ್ಮನ ಮಂಡಿ ನೋವಿಗೆ ಕಮೋಡ್ ಬೇಕೇ ಬೇಕು ಅಂತ ಅಣ್ಣ. "ನಂಗೆ ಆ ಕುರ್ಚಿ ಬ್ಯಾಡ ಮಾರಾಯ" ಅಂತ ಅಮ್ಮ. ಅತ್ತಿಗೆ ಗೆದ್ದರು. ಕಮೋಡ್ ಬಂತು, ಪಕ್ಕದ ಗೋಡೆಗೆ ಹಿಡಿಕೆಯೂ ಬಂತು. ಹಿಡಿಕೆಯ ಬೋಲ್ಟು ಟೈಲ್ಸ್ ದಾಟಿ ಇಟ್ಟಿಗೆಯೊಳಗೆ ಕೂರಬೇಕು, ಬರೀ ಟೈಲ್ಸಿಗೆ ಕಚ್ಚಿಸಿದರೆ ಮೈಭಾರ ಬಿದ್ದ ದಿನ ಕಿತ್ತು ಬರುತ್ತದೆ. ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲು ಆಗುವುದಿಲ್ಲ. ದಾರಂದ ಮರದ್ದಾಗಿದ್ದರೆ ಬುಡ ಕೊಳೆತಿರುತ್ತದೆ, ಅದರ ಬದಲು ಗ್ರಾನೈಟ್ ಹಾಕಿಸಿ. ಕಮೋಡ್ ಕೊಳ್ಳುವ ಮುಂಚೆ, ಗೋಡೆಯಿಂದ ಪೈಪಿನ ನಡುಮಧ್ಯಕ್ಕೆ ಎಷ್ಟು ಇಂಚು ಅಂತ ಅಳೆದುಕೊಳ್ಳಿ. ಅಳೆಯಬೇಕಾದದ್ದು ಟೈಲ್ಸ್ ಕೂತ ಮೇಲಿನ ಗೋಡೆಯಿಂದ. ಎರಡು ಬಟನ್ ಇರುವ ಸಿಸ್ಟರ್ನ್, ಅಂದರೆ ಫ್ಲಶ್ ಟ್ಯಾಂಕು ತನ್ನಿ, ಒಂದು ಒತ್ತಿದರೆ 3 ಲೀಟರ್, ಇನ್ನೊಂದಕ್ಕೆ 6. ಹಳೇದು ಪ್ರತಿ ಸಲ 10 ಲೀಟರ್‌ಗೂ ಮೇಲೆ ಸುರಿಯುತ್ತಿತ್ತು.

ಹಂಡೆ ತೆಗೆಯಲು ಮಾತ್ರ ಅಮ್ಮ ಒಪ್ಪಲಿಲ್ಲ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಗೀಸರಿಗೆ ಹಿಂಡಲಕಾಯಿ ಬಳ್ಳಿ ಕಟ್ಟುವುದಾ ಅಂತ ಕೇಳಿದರು. ಅದಕ್ಕೆ ಉತ್ತರವಿಲ್ಲ. ಹಂಡೆ ಇದ್ದಲ್ಲೇ ಇದೆ, ಒಲೆಯ ಬಾಯಿಯನ್ನು ಗೋಡೆಯಾಚೆಗೆ ತಿರುಗಿಸಿ ಹೊಗೆಯನ್ನು ಹೊರಗೆ ಹಾಕಿದ್ದೇವೆ. ಒಲೆಯ ಹತ್ತಿರದಲ್ಲಿ ಪ್ಲಾಸ್ಟಿಕ್ ಪೈಪು ಒಂದೂ ಹೋಗದ ಹಾಗೆ ನೋಡಿಕೊಂಡೆವು.

ನಾವೇ ಮಾಡುತ್ತೇವೆ ಅನ್ನುವ ಹುಮ್ಮಸ್ಸು ನಿಲ್ಲಬೇಕಾದ ಜಾಗಗಳೂ ಇವೆ. ಕರೆಂಟು ಒಂದು. ಹಳೇ ಮನೆಗಳಲ್ಲಿ ಅರ್ಥಿಂಗ್ ಇರುವುದೇ ಅನುಮಾನ. ಗೀಸರಿಗೆ 16 ಆಂಪಿಯರ್‌ನ ಬೇರೆ ಲೈನು, ಅರ್ಥಿಂಗ್, ಕರೆಂಟು ಸೋರಿದರೆ ತಾನೇ ಲೈನು ಕಡಿಯುವ 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ., ಇವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಗ್ಯಾಸ್ ಗೀಸರನ್ನು ಮುಚ್ಚಿದ ಬಚ್ಚಲಿನೊಳಗೆ ಯಾವ ಕಾರಣಕ್ಕೂ ಇಡಬೇಡಿ. ಅದು ಉರಿಯುವಾಗ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಸ್ನಾನಕ್ಕೆ ಹೋದವರು ಹಾಗೇ ಕುಸಿದು ಬೀಳುತ್ತಾರೆ. ಇನ್ನು ಸೆಪ್ಟಿಕ್ ಟ್ಯಾಂಕು. ಅದರೊಳಗೆ ನೀವೂ ಇಳಿಯಬೇಡಿ, ದುಡ್ಡು ಕೊಟ್ಟು ಇನ್ನೊಬ್ಬರನ್ನೂ ಇಳಿಸಬೇಡಿ. ಒಳಗಿನ ವಿಷಗಾಳಿಗೆ ಒಬ್ಬರು ಬಿದ್ದರೆ, ಎತ್ತಲು ಹೋದವರೂ ಬೀಳುತ್ತಾರೆ. 2013ರ ಕಾನೂನಿನ ಪ್ರಕಾರ ರಕ್ಷಣಾ ಸಾಧನಗಳಿಲ್ಲದೆ ಹಾಗೆ ಇಳಿಸುವುದು ಅಪರಾಧ. ಪಂಚಾಯ್ತಿಯಲ್ಲೋ ಪಟ್ಟಣದಲ್ಲೋ ವಿಚಾರಿಸಿ, ಹೀರುವ ಯಂತ್ರದ ಲಾರಿ ತರಿಸಿ.

ಕೊನೆಗೆ ಎರಡು ಸಣ್ಣ ವಿಷಯ. ಪೈಪು ಮುಚ್ಚುವ ಮುಂಚೆ ಪ್ರತಿ ಗೋಡೆಗೂ ಅಳತೆ ಟೇಪು ಹಿಡಿದು ಫೋಟೋ ತೆಗೆದುಕೊಳ್ಳಿ, ಪ್ರಿಂಟ್ ಹಾಕಿಸಿ ಮನೆ ಪತ್ರಗಳ ಜೊತೆ ಇಡಿ. ಮುಂದೆ ಕನ್ನಡಿಗೆ ಮೊಳೆ ಹೊಡೆಯುವವರಿಗೆ ಬೇಕಾಗುತ್ತದೆ. ಉಳಿದ ಟೈಲ್ಸನ್ನು ಯಾರಿಗೂ ಕೊಡಬೇಡಿ, ಒಂದು ಡಬ್ಬ ಅಟ್ಟದ ಮೇಲಿರಲಿ. ಮುಂದಿನ ವರ್ಷ ಅದೇ ಅಂಗಡಿಗೆ ಹೋದರೂ ಅದೇ ಬಣ್ಣ ಸಿಗುವುದಿಲ್ಲ.

ನಮಸ್ಕಾರ.