ಹಳೇ ಪಿಕಪ್‌ಗೆ ಗೇರ್‌ಬಾಕ್ಸ್ ಮತ್ತೆ ಕೂರಿಸುವಾಗ ಕೊನೆಯ ಅರ್ಧ ಇಂಚು

[ದೃಶ್ಯ: ಸ್ಟ್ಯಾಂಡ್ ಮೇಲೆ ಪಿಕಪ್, ಜ್ಯಾಕ್ ಮೇಲೆ ಗೇರ್‌ಬಾಕ್ಸ್]

ಗೇರ್‌ಬಾಕ್ಸ್ ಇಳಿಸೋದು ಸುಲಭ, ಏರಿಸುವಾಗಲೇ ಬೆವರು ಇಳಿಯೋದು. ಬೆಲ್ ಹೌಸಿಂಗ್ (ಗೇರ್‌ಬಾಕ್ಸ್ ಮುಂದಿನ, ಕ್ಲಚ್ ಮುಚ್ಚುವ ಗಂಟೆಯಾಕಾರದ ಭಾಗ) ಎಂಜಿನ್‌ಗೆ ಅರ್ಧ ಇಂಚು ಇರುವಾಗ ಹಟ ಹಿಡಿದು ನಿಂತುಬಿಡುತ್ತೆ. ಬಹಳ ಸಲ ಇದಕ್ಕೆ ಕಾರಣ, ಕ್ಲಚ್ ಪ್ಲೇಟ್ ನಡುಮಧ್ಯಕ್ಕೆ ಕೂತಿರೋದಿಲ್ಲ. ಹಾಗಾಗಿ ಮೊದಲು ಕ್ಲಚ್.

[ದೃಶ್ಯ: ಫ್ಲೈವೀಲ್ ಹತ್ತಿರದಿಂದ]

ಫ್ಲೈವೀಲ್, ಅಂದ್ರೆ ಎಂಜಿನ್ ಹಿಂದಿನ ಭಾರದ ಚಕ್ರದ ಮುಖವನ್ನ ಬ್ರೇಕ್ ಕ್ಲೀನರ್ ಹಾಕಿ ಒರೆಸಿ. ಗೇರ್‌ಬಾಕ್ಸ್ ಶಾಫ್ಟ್‌ನ ತುದಿ ಕೂರುವ ಪೈಲಟ್ ಬೇರಿಂಗ್‌ ಒಳಗೆ ಬೆರಳಿಟ್ಟು ತಿರುಗಿಸಿ ನೋಡಿ, ಕರಕರ ಅಂದ್ರೆ ಬದಲಿಸಿ. ಇಷ್ಟೆಲ್ಲ ಬಿಚ್ಚಿದ ಮೇಲೆ ಅಲ್ಲಿ ಜಿಪುಣತನ ಬೇಡ. ಕ್ಲಚ್ ಪ್ಲೇಟ್‌ನ ಯಾವ ಮುಖ ಫ್ಲೈವೀಲ್ ಕಡೆಗೆ ಅಂತ ಸಾಮಾನ್ಯವಾಗಿ ಅದರ ಮೇಲೇ ಬರೆದಿರುತ್ತೆ. ಪ್ಲೇಟನ್ನ ನಡುಮಧ್ಯಕ್ಕೆ ಹಿಡಿಯೋ ಅಲೈನ್‌ಮೆಂಟ್ ಟೂಲ್ ತೂರಿಸಿ, ಅದನ್ನ ಫ್ಲೈವೀಲ್‌ಗೆ ಒತ್ತಿ ಹಿಡಿಯೋ ಪ್ರೆಶರ್ ಪ್ಲೇಟ್‌ನ ಬೋಲ್ಟ್‌ಗಳನ್ನ ಎದುರುಬದುರಾಗಿ, ಒಂದೊಂದಕ್ಕೆ 1–2 ಸುತ್ತಿನಂತೆ ಬಿಗಿ ಮಾಡಿ. ಕೊನೆಗೆ ಟೂಲ್ ಸಲೀಸಾಗಿ ಹೊರಗೆ ಬರಬೇಕು. ಬಿಗಿಯಾಗಿದ್ರೆ ಬೋಲ್ಟ್ ಸಡಿಲಿಸಿ ಮತ್ತೆ ಕೂರಿಸಿ.

ಗೇರ್‌ಬಾಕ್ಸ್‌ನಿಂದ ಮುಂದಕ್ಕೆ ಚಾಚಿರೋ ಇನ್‌ಪುಟ್ ಶಾಫ್ಟ್‌ನ ಹಲ್ಲುಗಳಿಗೆ ಗ್ರೀಸ್ ತೆಳ್ಳಗೆ ಸವರಿ. ಜಾಸ್ತಿ ಆದ್ರೆ ಸುತ್ತುವಾಗ ಸಿಡಿದು ಕ್ಲಚ್ ಪ್ಲೇಟ್‌ಗೆ ಹತ್ತಿ, ಕ್ಲಚ್ ಜಾರುತ್ತೆ. ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸೋ ರಿಲೀಸ್ ಬೇರಿಂಗ್, ಅದನ್ನ ತಳ್ಳೋ ಫೋರ್ಕ್‌ಗೆ ಸರಿಯಾಗಿ ಸಿಕ್ಕಿಕೊಂಡಿದೆಯಾ ಅಂತ ಈಗಲೇ ನೋಡಿಬಿಡಿ.

[ದೃಶ್ಯ: ಎಂಜಿನ್ ಮತ್ತು ಬೆಲ್ ಹೌಸಿಂಗ್ ನಡುವಿನ ಸಂದು]

ಗೇರ್‌ಬಾಕ್ಸನ್ನ ಟಾಪ್ ಗೇರ್‌ಗೆ ಹಾಕಿ ಎತ್ತಿ, ಆಗ ಹಿಂದಿನ ಶಾಫ್ಟ್ ತಿರುಗಿಸಿದ್ರೆ ಮುಂದಿನದೂ ತಿರುಗುತ್ತೆ. ಎಂಜಿನ್ ಹಿಂದಕ್ಕೆ ಎಷ್ಟು ವಾಲಿದೆಯೋ ಗೇರ್‌ಬಾಕ್ಸೂ ಅಷ್ಟೇ ವಾಲಿರಬೇಕು. ಹಿಂದಿನ ಔಟ್‌ಪುಟ್ ಶಾಫ್ಟ್ ನಿಧಾನ ತಿರುಗಿಸ್ತಾ ಮುಂದಕ್ಕೆ ತಳ್ಳಿ. ಹಲ್ಲಿಗೆ ಹಲ್ಲು ಸೇರಿದ್ದು ಕೈಗೇ ಗೊತ್ತಾಗುತ್ತೆ. ಆಮೇಲೂ ನಿಂತ್ರೆ ಸಂದು ನೋಡಿ. ಮೇಲೆ ಅಗಲ, ಕೆಳಗೆ ಕಿರಿದು ಅಂದ್ರೆ ಕೋನ ತಪ್ಪಿದೆ, ಜ್ಯಾಕ್ ಸರಿಪಡಿಸಿ.

ಬೋಲ್ಟ್ ಹಾಕಿ ಎಳೆದು ಸಂದು ಮುಚ್ಚಬೇಡಿ! ಬೆಲ್ ಹೌಸಿಂಗ್‌ನ ಕಿವಿ ಮುರಿಯುತ್ತೆ, ಪೈಲಟ್ ಬೇರಿಂಗ್ ಜಜ್ಜಿಹೋಗುತ್ತೆ. ಗೇರ್‌ಬಾಕ್ಸ್ ಭಾರ ಇನ್‌ಪುಟ್ ಶಾಫ್ಟ್ ಮೇಲೆ ನೇತಾಡಿದ್ರೂ ಕಷ್ಟವೇ: ಕ್ಲಚ್ ಪ್ಲೇಟ್ ಬಾಗುತ್ತೆ, ಆಮೇಲೆ ಪೆಡಲ್ ಪೂರ್ತಿ ಒತ್ತಿದ್ರೂ ಕ್ಲಚ್ ಬಿಡೋದಿಲ್ಲ. ಜಾಗ ಸರಿಯಾಗಿ ಹಿಡಿಯೋ ಡೋವೆಲ್ ಪಿನ್ ಮೇಲೆ ಕೈಬಲದಲ್ಲೇ ಕೂತಮೇಲೆ ಬೋಲ್ಟ್ ಬಿಗಿ ಮಾಡಿ.

[ದೃಶ್ಯ: ಕ್ರಾಸ್ ಮೆಂಬರ್]

ಗೇರ್‌ಬಾಕ್ಸ್ ಹೊರುವ ಅಡ್ಡಪಟ್ಟಿ ಅಂದ್ರೆ ಕ್ರಾಸ್ ಮೆಂಬರ್, ಮೌಂಟ್ ಹಾಕೋವರೆಗೂ ಜ್ಯಾಕ್ ತೆಗೀಬೇಡಿ. ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲರ್ ಶಾಫ್ಟನ್ನ ಬಿಚ್ಚುವಾಗ ಹಾಕಿದ ಗುರುತಿಗೇ ಕೂರಿಸಿ. ರಿವರ್ಸ್ ಲೈಟ್ ವೈರ್, ಸ್ಪೀಡೋಮೀಟರ್ ಕೇಬಲ್, ಅರ್ಥ್ ಪಟ್ಟಿ ಮರೀಬೇಡಿ.

ಗಾಡಿ ಸಮತಟ್ಟಾಗಿರುವಾಗ, ಆಯಿಲ್ ತುಂಬುವ ತೂತಿನ ಅಂಚಿಗೆ ಬರೋವರೆಗೂ ಹಾಕಿ. ಗಾಡಿಯ ಕೈಪಿಡಿಯಲ್ಲಿ ಜಿಎಲ್-4 (ಗೇರ್ ಆಯಿಲ್‌ನ ಒಂದು ದರ್ಜೆ) ಅಂತಿದ್ರೆ ಅದೇ ಹಾಕಿ. ಕೆಲವು ಜಿಎಲ್-5 ಆಯಿಲ್‌ಗಳಲ್ಲಿರುವ ಗಂಧಕದ ಅಂಶ ಗೇರ್ ಸಲೀಸಾಗಿ ಬೀಳೋಕೆ ನೆರವಾಗೋ ಹಿತ್ತಾಳೆಯ ಸಿಂಕ್ರೊ ರಿಂಗನ್ನ ತಿನ್ನುತ್ತೆ.

ಎಂಜಿನ್ ಸ್ಟಾರ್ಟ್ ಮಾಡಿ, ಕ್ಲಚ್ ಒತ್ತಿ, ಕೆಲವು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ. ಕರ್ ಅಂದ್ರೆ ಕ್ಲಚ್ ಪೂರ್ತಿ ಬಿಡ್ತಿಲ್ಲ, ಆದ್ರೆ ತಕ್ಷಣ ಗೇರ್‌ಬಾಕ್ಸ್ ಇಳಿಸಬೇಡಿ. ಹೈಡ್ರಾಲಿಕ್ ಕ್ಲಚ್ ಆಗಿದ್ರೆ ಮೊದಲು ಲೈನ್‌ನಲ್ಲಿರೋ ಗಾಳಿ ತೆಗೀರಿ, ಕೇಬಲ್ ಆಗಿದ್ರೆ ಅದರ ಸಡಿಲ ಸರಿಮಾಡಿ.