ಹಳೆಯ ಕಾರಿನ ಕ್ಲೇಮು ಮತ್ತು ಶೇ. 75ರ ಲೆಕ್ಕ

ನಮಸ್ಕಾರ. ಪರದೆಯ ಮೇಲೆ ಈಗ ಕಾಣುತ್ತಿರುವ ಪತ್ರದಲ್ಲಿ ವಿಮಾ ಕಂಪನಿಯವರು ನನ್ನ ಸೋದರಮಾವನಿಗೆ ₹73,750 ಕೊಡಲು ಒಪ್ಪಿದ್ದಾರೆ. ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ, ಗಾಡಿಯ ನಂಬರು ಮೂರನ್ನೂ ಮಸುಕು ಮಾಡಿದ್ದೇನೆ. ಇಂದಿನ ಮಾತಿಗೆ ಅವು ಬೇಕಾಗಿಯೂ ಇಲ್ಲ. ಕಾರು 2012ರ ವ್ಯಾಗನ್ ಆರ್. ಮೇ ತಿಂಗಳ ಗಾಳಿಮಳೆಯಲ್ಲಿ, ಮೈಸೂರಿನ ಸರಸ್ವತೀಪುರಂನ ಅಡ್ಡರಸ್ತೆಯೊಂದರಲ್ಲಿ, ಮನೆಯ ಮುಂದೆ ನಿಂತಿದ್ದ ಈ ಗಾಡಿಯ ಮೇಲೆ ಗುಲ್‌ಮೊಹರ್ ಮರದ ದಪ್ಪ ಕೊಂಬೆ ಮುರಿದು ಬಿತ್ತು. ಬಿರುಗಾಳಿಯಿಂದಾದ ಹಾನಿ ಪಾಲಿಸಿಯ ವ್ಯಾಪ್ತಿಗೆ ಬರುತ್ತದೆ ಎಂಬುದರಲ್ಲಿ ಯಾರಿಗೂ ತಕರಾರು ಇರಲಿಲ್ಲ. ತಕರಾರು ಇದ್ದದ್ದು ಎಷ್ಟು ಕೊಡಬೇಕು, ಯಾವ ಲೆಕ್ಕದ ಮೇಲೆ ಕೊಡಬೇಕು ಎಂಬುದರಲ್ಲಿ.

ಹಾನಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಛಾವಣಿ ಬಲಗಡೆಗೆ ತಗ್ಗಿದೆ, ಬಾನೆಟ್ಟಿನ ಹಿಂಬದಿ ಮಡಿದಿದೆ, ಮುಂದಿನ ಗಾಜು ಪೂರ್ತಿ ಬಿರುಕು ಬಿಟ್ಟಿದೆ. ಆದರೆ ನಿಜವಾದ ಪೆಟ್ಟು ಇರುವುದು ಬಲಗಡೆಯ ಪಿಲ್ಲರಿನಲ್ಲಿ, ಅಂದರೆ ಮುಂದಿನ ಗಾಜಿಗೂ ಬಾಗಿಲಿಗೂ ನಡುವೆ ಛಾವಣಿಯನ್ನು ಹೊತ್ತು ನಿಂತಿರುವ ಕಂಬದಲ್ಲಿ. ಅದು ಒಳಕ್ಕೆ ಬಾಗಿರುವುದರಿಂದ ಬಾಗಿಲು ಮುಚ್ಚಿದರೂ ಮೇಲ್ತುದಿಯಲ್ಲಿ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ವರ್ಕ್‌ಶಾಪಿನವರು ಕೊಟ್ಟ ಎಸ್ಟಿಮೇಟು ₹1,42,000: ತಗಡಿನ ಭಾಗಗಳಿಗೆ 62,000, ಗಾಜಿಗೆ 9,000, ಪ್ಲಾಸ್ಟಿಕ್ ಮತ್ತು ರಬ್ಬರಿಗೆ 14,000, ಟಿಂಕರಿಂಗ್ ಮತ್ತು ಜೋಡಣೆಯ ಕೂಲಿ 35,000, ಪೇಂಟಿಂಗ್ 22,000. ಪಾಲಿಸಿಯಲ್ಲಿ ನಮೂದಾಗಿದ್ದ ಐಡಿವಿ, ಅಂದರೆ ವಿಮೆ ಮಾಡಿಸಿದ ಘೋಷಿತ ಮೌಲ್ಯ, ₹1,65,000.

ಪತ್ರವನ್ನು ಓದಿದ ಮಾವ ಸಹಿ ಮಾಡಲು ಪೆನ್ನನ್ನೇ ಕೈಗೆತ್ತಿಕೊಂಡಿದ್ದರು. "ಇಷ್ಟು ಹಳೇ ಗಾಡಿಗೆ ಅವರು ಕೊಟ್ಟಷ್ಟು ತಗೊಂಡು ಸುಮ್ನಾಗೋದು ವಾಸಿ ಕಣಮ್ಮ" ಎಂಬುದು ಅವರ ಅಭಿಪ್ರಾಯ. ಹಳೆಯ ಗಾಡಿಯ ಮಾಲೀಕರಲ್ಲಿ ಹೆಚ್ಚಿನವರ ಅಭಿಪ್ರಾಯವೂ ಅದೇ, ಮತ್ತು ಹಾನಿಯನ್ನು ಅಂದಾಜು ಮಾಡುವ ಸರ್ವೇಯರ್ ಅದನ್ನು ಚೆನ್ನಾಗಿ ಬಲ್ಲರು. ನಾನು ಫೋನ್ ಮಾಡಿದಾಗ ಅವರು ಮೊದಲು ಹೇಳಿದ್ದು, "ಈ ಮಾಡೆಲ್ಲು ಸೆಕೆಂಡ್ ಹ್ಯಾಂಡಲ್ಲಿ ಒಂದೂಕಾಲು ಲಕ್ಷಕ್ಕೂ ಹೋಗಲ್ಲ ಮೇಡಂ" ಎಂದೇ. ಈ ಮಾತಿಗೆ ಉತ್ತರವಾಗಿ ಓಎಲ್‌ಎಕ್ಸ್‌ನಲ್ಲಿ ಬೆಲೆ ಹುಡುಕಿ ತೋರಿಸುವ ಅಗತ್ಯವೇ ಇಲ್ಲ. ಐದು ವರ್ಷದೊಳಗಿನ ಗಾಡಿಗೆ ತಯಾರಕ ಕಂಪನಿಯ ಮಾರಾಟ ಬೆಲೆಯಿಂದ ನಿಗದಿತ ಸವಕಳಿ, ಅಂದರೆ ವಯಸ್ಸಾದಂತೆ ಇಳಿಯುವ ಬೆಲೆ, ಕಳೆದು ಐಡಿವಿ ನಿರ್ಧರಿಸುತ್ತಾರೆ. ಐದು ವರ್ಷ ದಾಟಿದ ಗಾಡಿಗೆ ವಿಮಾ ಕಂಪನಿಯೂ ಮಾಲೀಕರೂ ಪರಸ್ಪರ ಒಪ್ಪಿ ನಿರ್ಧರಿಸುತ್ತಾರೆ. ಹೀಗೆ ಒಮ್ಮೆ ಒಪ್ಪಿದ ಮೊತ್ತವನ್ನೇ, ಪೂರ್ಣ ನಷ್ಟದ, ಅಂದರೆ ಗಾಡಿ ದುರಸ್ತಿಗೆ ತಕ್ಕದ್ದಲ್ಲವೆಂದು ಎಣಿಸುವ ಪ್ರಸಂಗದಲ್ಲಿ, ಪಾಲಿಸಿಯ ಅವಧಿಯುದ್ದಕ್ಕೂ ಮತ್ತೆ ಸವಕಳಿ ಕಳೆಯದೆ ಮಾರುಕಟ್ಟೆಯ ಬೆಲೆಯೆಂದು ಪರಿಗಣಿಸತಕ್ಕದ್ದೆಂದು ಪಾಲಿಸಿಯೇ ಹೇಳುತ್ತದೆ. ಪ್ರೀಮಿಯಂ ಪಡೆಯುವಾಗ ಒಂದು ಬೆಲೆ, ಹಣ ಕೊಡುವಾಗ ಇನ್ನೊಂದು ಬೆಲೆ ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ನವೀಕರಣದ ವೇಳೆ ಕೆಲವು ನೂರು ರೂಪಾಯಿ ಉಳಿಸಲು ಐಡಿವಿಯನ್ನು ಕೆಳಗಿಳಿಸುವವರು ಇಲ್ಲೇ ಪೆಟ್ಟು ತಿನ್ನುತ್ತಾರೆ.

ಹಾಗಾಗಿ ನಾನು ಗಾಡಿಯ ಬೆಲೆಯ ಚರ್ಚೆಯನ್ನು ಅಲ್ಲಿಗೇ ಬಿಟ್ಟು, ಸರ್ವೇ ವರದಿಯ ಪ್ರತಿಯನ್ನು ಇಮೇಲ್ ಮೂಲಕ ಕೇಳಿದೆ. ಕೇಳಿದರೆ ಕೊಡಬೇಕಾದ ದಾಖಲೆ ಅದು. ಕೇಳದಿದ್ದರೆ ಸಾಮಾನ್ಯವಾಗಿ ನಮ್ಮ ಕೈಗೆ ಬರುವುದು ಒಟ್ಟು ಮೊತ್ತವಷ್ಟೇ.

ವರದಿಯನ್ನು ಓದುವ ಮೊದಲು ಸವಕಳಿಯ ನಿಯಮ ತಿಳಿದಿರಬೇಕು. ದುರಸ್ತಿಯ ಕ್ಲೇಮಿನಲ್ಲಿ ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗಳಿಗೆ ಗಾಡಿಯ ವಯಸ್ಸು ಎಷ್ಟೇ ಇರಲಿ ಶೇ. 50 ಕಡಿತ. ಫೈಬರ್ ಗ್ಲಾಸಿನ ಭಾಗಗಳಿಗೆ ಶೇ. 30. ತಗಡಿನ ಭಾಗಗಳಿಗೆ ವಯಸ್ಸಿನ ಪ್ರಕಾರ ಕಡಿತ ಏರುತ್ತದೆ: ಐದರಿಂದ ಹತ್ತು ವರ್ಷದ ಗಾಡಿಗೆ ಶೇ. 40, ಹತ್ತು ವರ್ಷ ದಾಟಿದರೆ ಶೇ. 50. ಗಾಜಿಗೆ ಕಡಿತವಿಲ್ಲ. ಕೂಲಿಗೂ ಇಲ್ಲ. ಪೇಂಟಿಂಗಿನಲ್ಲಿ ಬಣ್ಣದ ಸಾಮಗ್ರಿಗೆ ಮಾತ್ರ ಶೇ. 50 ಕಡಿತ, ಬಿಲ್ಲಿನಲ್ಲಿ ಕೂಲಿಯೂ ಸಾಮಗ್ರಿಯೂ ಒಟ್ಟಾಗಿದ್ದರೆ ಒಟ್ಟು ಮೊತ್ತದ ಶೇ. 25ನ್ನು ಸಾಮಗ್ರಿಯ ಬೆಲೆ ಎಂದು ಹಿಡಿಯಬೇಕು. ಸವಕಳಿ ಕಡಿತವೇ ಇಲ್ಲದಂತೆ ಮಾಡುವ ಬಂಪರ್ ಟು ಬಂಪರ್ ಪಾಲಿಸಿಯನ್ನು ಇಷ್ಟು ಹಳೆಯ ಗಾಡಿಗೆ ಸಾಮಾನ್ಯವಾಗಿ ಯಾರೂ ಕೊಡುವುದಿಲ್ಲ.

ಈ ನಿಯಮವನ್ನು ಪಕ್ಕದಲ್ಲಿಟ್ಟುಕೊಂಡು ವರದಿಯನ್ನು ಸಾಲುಸಾಲಾಗಿ ನೋಡಿದಾಗ ಮೂರು ಕಡೆ ಲೆಕ್ಕ ಹೊಂದಲಿಲ್ಲ. ಪೇಂಟಿಂಗಿನ ₹22,000ದಲ್ಲಿ ಸಾಮಗ್ರಿಯ ಪಾಲು 5,500. ಅದರ ಅರ್ಧ 2,750 ಕಳೆದು 19,250 ಕೊಡಬೇಕಾಗಿತ್ತು. ವರದಿಯಲ್ಲಿ ಇಡೀ ಪೇಂಟಿಂಗನ್ನೇ ಅರ್ಧ ಮಾಡಿ 11,000 ಎಂದು ಬರೆದಿದ್ದರು. ಬಾಗಿಲಿನ ಗಾಜನ್ನು ಅದರ ರಬ್ಬರ್ ಬೀಡಿಂಗಿನ ಜೊತೆಗೇ ಸೇರಿಸಿದ್ದರಿಂದ ₹2,500ದ ಗಾಜಿಗೂ ಅರ್ಧ ಕಡಿತ ಬಿದ್ದಿತ್ತು. ಮೂರನೆಯದು ಇನ್ನೂ ಸ್ವಾರಸ್ಯಕರವಾಗಿತ್ತು: ₹8,000ದ ಹೊಸ ಬಾನೆಟ್ ಬೇಡ, ಇರುವುದನ್ನೇ ರಿಪೇರಿ ಮಾಡಬಹುದೆಂದು ಬರೆದವರು, ಅದೇ ಪುಟದಲ್ಲಿ ಕೂಲಿಯನ್ನು 35,000ದಿಂದ 22,000ಕ್ಕೆ ಇಳಿಸಿದ್ದರು. ಬಾನೆಟ್ಟನ್ನು ಬಡಿದು ಸರಿಮಾಡುವುದಾದರೆ ಟಿಂಕರಿಂಗ್ ಕೂಲಿ ಏರಬೇಕೇ ಹೊರತು ಇಳಿಯಲಾರದು. ವರ್ಕ್‌ಶಾಪಿನ ಮೇಸ್ತ್ರಿ ಅದಕ್ಕೆ ₹3,000 ಆಗುತ್ತದೆಂದು ಬರೆದುಕೊಟ್ಟರು. ಗಾಡಿಯನ್ನು ಎಳೆದುಕೊಂಡು ಹೋದ ಖರ್ಚು ₹3,500 ಆಗಿತ್ತು. ಅದಕ್ಕೆ ಪಾಲಿಸಿ ಕೊಡುವುದು ಹೆಚ್ಚೆಂದರೆ 1,500. ವರದಿಯಲ್ಲಿ ಅದರ ಸುಳಿವೇ ಇರಲಿಲ್ಲ.

ಇವಿಷ್ಟನ್ನು ಸರಿಪಡಿಸಿ, 1500 ಸಿಸಿಯವರೆಗಿನ ಗಾಡಿಗೆ ಕಡ್ಡಾಯವಾಗಿ ಮಾಲೀಕರೇ ಹೊರಬೇಕಾದ ₹1,000 ಕಳೆದರೆ, ಕಂಪನಿ ಕೊಡಬೇಕಾದ ದುರಸ್ತಿಯ ಮೊತ್ತ ₹87,750 ಆಗುತ್ತದೆ. ಸಣ್ಣಪುಟ್ಟ ಸಾವಿರಗಳಿಗೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕೇ ಎಂದು ಮಾವ ಕೇಳಿದರು. ಆದರೆ ದೊಡ್ಡ ಪ್ರಶ್ನೆ ನಿಂತಿದ್ದದ್ದೇ ಈ ಸಾವಿರಗಳ ಮೇಲೆ.

ಗಾಡಿಯನ್ನು ಸಾಗಿಸುವ ಮತ್ತು ದುರಸ್ತಿ ಮಾಡುವ ಒಟ್ಟು ವೆಚ್ಚ, ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು, ಐಡಿವಿಯ ಶೇ. 75ನ್ನು ಮೀರಿದರೆ ಆ ಗಾಡಿಯನ್ನು ಪೂರ್ಣ ನಷ್ಟವೆಂದೇ ಪರಿಗಣಿಸಬೇಕೆಂದು ಪಾಲಿಸಿಯಲ್ಲಿದೆ. ಆಗ ಕೊಡಬೇಕಾದದ್ದು ಐಡಿವಿಯಿಂದ ಗುಜರಿ ಬೆಲೆಯನ್ನು ಕಳೆದು ಉಳಿದದ್ದು. ಬಿಡಿಭಾಗಗಳ ಸವಕಳಿ ಅಲ್ಲಿ ಬರುವುದೇ ಇಲ್ಲ. ನಮ್ಮ ಗಾಡಿಗೆ ಆ ಗೆರೆ ಇದ್ದದ್ದು ₹1,23,750ರಲ್ಲಿ. ಸರ್ವೇಯರ್ ತಾವೇ ಒಪ್ಪಿದ ಕೆಲಸಗಳ ಬೆಲೆಯನ್ನು ಸವಕಳಿಗೆ ಮೊದಲು ಕೂಡಿದರೆ 1,21,000 ಬರುತ್ತದೆ. ಅದಕ್ಕೆ ಬಾನೆಟ್ಟಿನ ಕೂಲಿ 3,000, ಎಳೆದೊಯ್ದ ಖರ್ಚಿನಲ್ಲಿ ಪಾಲಿಸಿ ಒಪ್ಪುವ 1,500 ಸೇರಿಸಿದರೆ 1,25,500. ಗೆರೆ ದಾಟಿತು.

ಕಂಪನಿಯ ಉತ್ತರ ನಿರೀಕ್ಷಿತವೇ ಆಗಿತ್ತು. "ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು" ಎಂದಿರುವುದರಿಂದ ಸವಕಳಿ ಕಳೆದ ನಂತರದ ಮೊತ್ತವನ್ನೇ ಶೇ. 75ರ ಜೊತೆ ಹೋಲಿಸಬೇಕು ಎಂದು ಅವರು ಬರೆದರು. ಇದು ಆಧಾರವೇ ಇಲ್ಲದ ವಾದವೆಂದು ನಾನು ಹೇಳಲಾರೆ, ಆದರೆ ಅದನ್ನು ಹಳೆಯ ಗಾಡಿಗೆ ಅನ್ವಯಿಸಿ ನೋಡಿದರೆ ಅದರ ಅರ್ಥ ಬೇರೆಯೇ ಆಗುತ್ತದೆ. ವರ್ಕ್‌ಶಾಪಿನ ಎಸ್ಟಿಮೇಟಿನ ಪ್ರಮಾಣದಲ್ಲಿಯೇ ಲೆಕ್ಕ ಹಾಕಿದರೆ, ಸವಕಳಿ ಕಳೆದ ಮೇಲೂ ₹1,23,750 ಉಳಿಯಬೇಕಾದರೆ ದುರಸ್ತಿಯ ವೆಚ್ಚ ಸುಮಾರು ₹1,73,500 ಮುಟ್ಟಬೇಕು. ಅಂದರೆ ಗಾಡಿಯ ಐಡಿವಿಗಿಂತ ಹೆಚ್ಚು ಖರ್ಚು ಬಂದರೂ ಅದು ಪೂರ್ಣ ನಷ್ಟವಲ್ಲ ಎಂದಂತಾಯಿತು. ಈ ಒಂದು ಲೆಕ್ಕವನ್ನು, ಸರಿಪಡಿಸಿದ ಸಾಲುಗಳ ಪಟ್ಟಿಯನ್ನು, ಪಿಲ್ಲರಿನ ಫೋಟೊಗಳನ್ನು ಸೇರಿಸಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದೆ. ಸರ್ವೇಯರ್ ವರದಿ ಮುಖ್ಯವಾದ ದಾಖಲೆಯಾದರೂ ಅದೇ ಅಂತಿಮವಲ್ಲ, ಅದನ್ನು ಬಿಟ್ಟು ನಿರ್ಧರಿಸಲು ಅವಕಾಶವಿದೆ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಹೇಳಿರುವುದನ್ನೂ ಒಂದು ವಾಕ್ಯದಲ್ಲಿ ಸೇರಿಸಿದೆ. ಪತ್ರದಲ್ಲಿ ಸಿಟ್ಟಿನ ಮಾತು ಒಂದೂ ಇರಲಿಲ್ಲ. ಸಿಟ್ಟಿನ ಪತ್ರಗಳು ಅವರಿಗೆ ದಿನವೂ ಬರುತ್ತಿರುತ್ತವೆ.

ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಇಂಥ ದೂರುಗಳನ್ನು ಕೇಳಿ ತೀರ್ಪು ಕೊಡುವ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕಕ್ಕೆ ಆ ಕಚೇರಿ ಇರುವುದು ಬೆಂಗಳೂರಿನ ಜೆ.ಪಿ. ನಗರದಲ್ಲಿ. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ, ಮತ್ತು ಅಲ್ಲಿನ ತೀರ್ಪಿಗೆ ಕಂಪನಿ ಬದ್ಧವಾಗಿರಬೇಕು. ನಮಗೆ ಅಲ್ಲಿಯವರೆಗೆ ಹೋಗಬೇಕಾಗಿ ಬರಲಿಲ್ಲ, ಕಂಪನಿ ಪೂರ್ಣ ನಷ್ಟವೆಂದು ಒಪ್ಪಿತು. ಕಾರಣ ಸರಳವಾದ ಲೆಕ್ಕವೆಂದು ನನ್ನ ಊಹೆ. ಅವರದೇ ಆನ್‌ಲೈನ್ ಹರಾಜಿನಲ್ಲಿ ಈ ಗಾಡಿಯ ಗುಜರಿಗೆ ₹62,000 ಬಿಡ್ ಬಂದಿತ್ತು. ಪೂರ್ಣ ನಷ್ಟವೆಂದು ಒಪ್ಪಿದರೆ ಕಂಪನಿಯ ಕೈಯಿಂದ ಹೋಗುವುದು 1,65,000ದಿಂದ 1,000 ಮತ್ತು 62,000 ಕಳೆದು ₹1,02,000. ಮೊದಲಿನ 73,750ಕ್ಕೆ ಹೋಲಿಸಿದರೆ ಇದು ದೂರದ ಮಾತು; ಸರಿಪಡಿಸಿದ 87,750ಕ್ಕೆ ಹೋಲಿಸಿದರೆ ವ್ಯತ್ಯಾಸ 14,250 ಮಾತ್ರ. ಅಷ್ಟಕ್ಕಾಗಿ, ಪಿಲ್ಲರನ್ನು ಬಿಚ್ಚಿದ ಮೇಲೆ ಇನ್ನೇನು ಹಾನಿ ಹೊರಬರುತ್ತದೋ ಎಂಬ ಅಪಾಯವನ್ನು ಯಾರೂ ಹೊತ್ತುಕೊಳ್ಳಲಾರರು. ಮಾವನ ಕಡೆಯಿಂದ ನೋಡಿದರೆ ವ್ಯತ್ಯಾಸ ತುಂಬಾ ದೊಡ್ಡದು: ದುರಸ್ತಿಯಾದರೆ ಕೈಯಿಂದ ಐವತ್ತು ಸಾವಿರಕ್ಕೂ ಹೆಚ್ಚು ಹಾಕಬೇಕು, ಪೂರ್ಣ ನಷ್ಟವಾದರೆ ಕಂಪನಿಯಿಂದಲೂ ಗುಜರಿ ವ್ಯಾಪಾರಿಯಿಂದಲೂ ಸೇರಿ ₹1,64,000 ಕೈಗೆ ಬರುತ್ತದೆ.

ಇಲ್ಲಿ ಒಂದು ತೊಡಕಿದೆ. ಗುಜರಿಯ ಹಣವನ್ನು ಕಂಪನಿ ಕೊಡುವುದಿಲ್ಲ. ಬಿಡ್ ಮಾಡಿದ ವ್ಯಾಪಾರಿ ನೇರವಾಗಿ ಮಾಲೀಕರಿಗೆ ಕೊಡುತ್ತಾನೆ. ಪರಊರಿನಲ್ಲಿ ಕುಳಿತು ಫೋಟೊ ನೋಡಿ 62,000 ಎಂದವನು, ಗಾಡಿಯ ಮುಂದೆ ಬಂದು ನಿಂತಾಗ 50,000 ಎನ್ನಬಹುದು. ನಮ್ಮಲ್ಲಿ ಆದದ್ದೂ ಅದೇ. ಆದರೆ ಕಂಪನಿಯವರು ಸೂಚಿಸಿದ ವ್ಯಾಪಾರಿ ಹೇಳಿದ ಬೆಲೆಗೆ ಕೊಳ್ಳದಿದ್ದರೆ ಕೊರತೆಯನ್ನು ಕಂಪನಿಯೇ ತುಂಬಬೇಕೆಂದು ನಾನು ಒಪ್ಪಿಗೆ ಪತ್ರದಲ್ಲಿಯೇ ಬರೆಸಿದ್ದೆ. ಅದರ ಪ್ರತಿಯನ್ನು ವ್ಯಾಪಾರಿಗೆ ವಾಟ್ಸಾಪ್ ಮಾಡಿದ ಮೇಲೆ ಅವರೇ ಕಂಪನಿಗೆ ಫೋನ್ ಮಾಡಿಕೊಂಡರು, ಸಂಜೆಯೊಳಗೆ 62,000 ಮಾವನ ಖಾತೆಗೆ ಬಂತು.

ಕ್ಲೇಮಿನ ಹಣಕ್ಕಾಗಿ ಸಹಿ ಮಾಡಿಕೊಡುವ ಡಿಸ್ಚಾರ್ಜ್ ವೋಚರ್ ಬಗ್ಗೆ ಹಲವರಿಗೆ ಭಯವಿದೆ. "ಪೂರ್ಣ ಮತ್ತು ಅಂತಿಮ" ಎಂದು ಅಚ್ಚಾಗಿರುವ ಆ ಕಾಗದಕ್ಕೆ ಸಹಿ ಮಾಡಿದ ಮಾತ್ರಕ್ಕೆ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಹೋಗುವುದಿಲ್ಲವೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಆದರೂ ತಕರಾರು ಬಾಕಿ ಇರುವಾಗ ಸಹಿಯ ಕೆಳಗೆ ಅದನ್ನು ನಮೂದಿಸಿಯೇ ಕೊಡುವುದು ಕ್ಷೇಮವೆಂಬುದು ನನ್ನ ಅನಿಸಿಕೆ.

ಇನ್ನು ಕೊನೆಯ ಕೆಲಸ. ಮೂಲ ಆರ್‌ಸಿಯನ್ನು ಗಾಡಿಯ ಜೊತೆಗೇ ಕೊಟ್ಟು ಕೈತೊಳೆದುಕೊಂಡರೆ, ಅದೇ ನಂಬರು ಮತ್ತು ಚಾಸಿಸ್ ಸಂಖ್ಯೆ ನಾಳೆ ಯಾವುದೋ ಕದ್ದ ಗಾಡಿಯ ಮೇಲೆ ಕಾಣಿಸಿಕೊಂಡಾಗ ಪೊಲೀಸರು ಹುಡುಕಿಕೊಂಡು ಬರುವುದು ಹಳೆಯ ಮಾಲೀಕರ ಮನೆಗೇ. ನಾವು ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ನ್ನು ತುಂಬಿ ಬೇಕಾದ ಸಹಿಗಳನ್ನು ಹಾಕಿಸಿ, ದಿನಾಂಕ ಮತ್ತು ಸಮಯ ಬರೆದ ಡೆಲಿವರಿ ಪತ್ರ ಪಡೆದು, ಆರ್‌ಟಿಒ ಕಚೇರಿಗೂ ಒಂದು ಪ್ರತಿ ಕೊಟ್ಟು ಮುದ್ರೆ ಹಾಕಿಸಿಕೊಂಡೆವು. ವರ್ಗಾವಣೆ ಆಗಿದೆಯೇ ಎಂದು ಈಗ ಎಂಪರಿವಾಹನ್ ಆಪ್‌ನಲ್ಲಿ ಆಗಾಗ ನೋಡುತ್ತಿದ್ದೇನೆ. ಫಾಸ್ಟ್ಯಾಗ್ ಇದ್ದದ್ದು ಒಡೆದ ಗಾಜಿನ ಮೇಲೆ. ಅದನ್ನು ಕೆರೆದು ತೆಗೆದು, ಬ್ಯಾಂಕಿಗೆ ಹೇಳಿ ಖಾತೆ ಮುಚ್ಚಿಸಿ, ಅದರಲ್ಲಿದ್ದ ಡಿಪಾಸಿಟ್ಟನ್ನೂ ಮಾವ ಕೇಳಿ ಪಡೆದಿದ್ದಾರೆ.